ಅಟ್ಯಾಚ್‌ಮೆಂಟ್ ಕಳಿಸುವ ಮೂರು ದಾರಿ: ಕೈಕೊಟ್ಟಾಗ ಯಾವುದು ಬಾಯಿ ಬಿಡುತ್ತದೆ?

ಎಲ್ಲ ಸರಿಯಿದ್ದಾಗ ಮೂರೂ ಒಂದೇ. ಮೇಲ್ ಹೋಗುತ್ತದೆ, ಫೈಲ್ ತಲುಪುತ್ತದೆ. ವ್ಯತ್ಯಾಸ ಗೊತ್ತಾಗುವುದು ಎರರ್ ಬಂದಾಗ. ಹಾಗಾಗಿ ಒಂದೇ ಪಿಡಿಎಫ್ ಅನ್ನು ಲಿನಕ್ಸ್ ಕಮಾಂಡ್, ಪೈಥಾನ್‌ನ ಎಸ್‌ಎಂಟಿಪಿ (ಮೇಲ್ ಸರ್ವರ್ ಜೊತೆ ನೇರ ಮಾತಾಡಿ ಕಳಿಸುವ ಕ್ರಮ), ಮೇಲ್ ಸೇವೆಯೊಂದರ ಎಪಿಐ (ವೆಬ್ ಮೂಲಕ ಆ ಸೇವೆಗೆ ಕೋಡ್‌ನಿಂದಲೇ ಕೆಲಸ ಹೇಳುವ ದಾರಿ), ಹೀಗೆ ಮೂರರಲ್ಲೂ ಕಳಿಸಿದೆ. ಬೇಕಂತಲೇ ಕೆಡಿಸಿಯೂ ನೋಡಿದೆ.

ಕಮಾಂಡ್ ಒಂದೇ ಸಾಲಿನ ಕೆಲಸ, ಆದರೆ ಮಹಾ ಮೌನಿ. ಮೇಲ್ ಅನ್ನೋ ಹೆಸರಿನ ಕಮಾಂಡ್ ಒಂದಲ್ಲ, ಹಲವು. ಒಂದರಲ್ಲಿ ಸಣ್ಣ ಎ (-a) ಆಯ್ಕೆ ಕೊಟ್ಟರೆ ಫೈಲ್ ಸೇರುತ್ತದೆ. ಗ್ನೂ ಮೇಲ್‌ಯುಟಿಲ್ಸ್ ಅನ್ನೋ ಇನ್ನೊಂದರಲ್ಲಿ ಅದೇ ಸಣ್ಣ ಎ ಹೆಡರ್ (ಮೇಲ್‌ನ ತಲೆಭಾಗದ ಮಾಹಿತಿ ಸಾಲು) ಸೇರಿಸುತ್ತದೆ, ಫೈಲ್‌ಗೆ ದೊಡ್ಡ ಎ (-A) ಬೇಕು. ಮಟ್ ಅನ್ನೋ ಮೇಲ್ ಪ್ರೋಗ್ರಾಂನಲ್ಲಿ ಫೈಲ್ ಹೆಸರು ಮತ್ತು ವಿಳಾಸದ ನಡುವೆ ಎರಡು ಅಡ್ಡಗೆರೆ (--) ಹಾಕದಿದ್ದರೆ ವಿಳಾಸವನ್ನೇ ಫೈಲ್ ಅಂದುಕೊಂಡು ಹುಡುಕುತ್ತದೆ. ಅದಾದರೂ ಪರವಾಗಿಲ್ಲ, ತಕ್ಷಣ ಬೈಯುತ್ತದೆ. ನಿಜವಾದ ತಲೆನೋವು ಬೇರೆ. ಕಮಾಂಡ್ ಮೇಲನ್ನು ಸರದಿಗೆ ಹಾಕಿ 'ಎಲ್ಲ ಸರಿ' ಅನ್ನೋ ಅರ್ಥದ ಸೊನ್ನೆ ಹಿಂತಿರುಗಿಸುತ್ತದೆ, ಸ್ಕ್ರಿಪ್ಟ್ ಖುಷಿಯಾಗಿ ಮುಗಿಯುತ್ತದೆ. ಆಮೇಲೆ ಏನಾಯಿತು ಅಂತ ಮೇಲ್ ಲಾಗ್ ಕೆದಕಿಯೇ ತಿಳಿಯಬೇಕು.

ಪೈಥಾನ್ ಎಸ್‌ಎಂಟಿಪಿ ಇದಕ್ಕೆ ತದ್ವಿರುದ್ಧ. ಇದು ವಾಚಾಳಿ. ಡೀಬಗ್ ಲೆವೆಲ್ 1 ಇಟ್ಟರೆ ಸರ್ವರ್ ಜೊತೆಗಿನ ಮಾತುಕತೆ ಪೂರ್ತಿ ಕಣ್ಣೆದುರಿಗೆ ಬರುತ್ತದೆ. 535 ಬಂದರೆ ಲಾಗಿನ್ ತಕರಾರು. ಎಷ್ಟೋ ಸರ್ವರ್‌ಗಳು ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ, ಆಪ್ ಪಾಸ್‌ವರ್ಡ್ ಮಾಡಿಸಿಕೊಳ್ಳಬೇಕು. 552 ಬಂದರೆ ಎಲ್ಲರೂ ಫೈಲ್ ದೊಡ್ಡದು ಅಂದುಕೊಳ್ಳುತ್ತಾರೆ. ಅದರ ಪಕ್ಕದ ಅಂಕಿಯನ್ನೂ ಓದಿ. 5.3.4 ಇದ್ದರೆ ಗಾತ್ರ. 5.7.0 ಇದ್ದರೆ ಸುರಕ್ಷತೆಯ ಹೆಸರಲ್ಲಿ ತಡೆದಿದ್ದಾರೆ ಅಂತ. ಆಗ ಫೈಲ್ ಎಷ್ಟು ಕುಗ್ಗಿಸಿದರೂ ಪ್ರಯೋಜನವಿಲ್ಲ.

ಇದು ಬಾಯಿ ಬಿಡದ ಜಾಗವೂ ಒಂದಿದೆ. 465ನೇ ಪೋರ್ಟ್‌ಗೆ ಮೊದಲಿನಿಂದಲೇ ಟಿಎಲ್‌ಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಬೇಕು. 587ರಲ್ಲಿ ಸಾದಾ ಸಂಪರ್ಕ ಶುರುಮಾಡಿ, ಆಮೇಲೆ ಅದನ್ನೇ ಟಿಎಲ್‌ಎಸ್‌ಗೆ ಬದಲಿಸುವ ಸ್ಟಾರ್ಟ್‌ಟಿಎಲ್‌ಎಸ್ ಮಾಡಬೇಕು. 587ಕ್ಕೆ ನೇರ ಟಿಎಲ್‌ಎಸ್‌ನಲ್ಲಿ ಹೋದರೆ 'ರಾಂಗ್ ವರ್ಷನ್ ನಂಬರ್' ಅನ್ನೋ ದಾರಿತಪ್ಪಿಸುವ ಎರರ್ ಬರುತ್ತದೆ. 465ಕ್ಕೆ ಸಾದಾ ಹೋದರೆ ಎರರ್ರೂ ಇಲ್ಲ. ನೀ ಮೊದಲು ಮಾತಾಡು ಅಂತ ಇಬ್ಬರೂ ಕಾಯುತ್ತಾ ಕೂರುತ್ತಾರೆ! ಟೈಮ್‌ಔಟ್ ಕೊಡುವುದನ್ನು ಮರೆಯಬೇಡಿ.

ಪೈಥಾನ್ ಒಳಗೇ ಎರಡು ಬಗೆ ಇದೆ. ಮೇಲ್‌ನ ಭಾಗಗಳನ್ನು ಕೈಯಾರೆ ಜೋಡಿಸುವ ಹಳೆಯ ಮೈಮ್‌ಬೇಸ್ ಕ್ರಮದಲ್ಲಿ ಫೈಲ್ ಹೆಸರನ್ನು ಹೆಡರ್ ಸಾಲಿಗೇ ಅಂಟಿಸಿ ಬರೆದ ಕೋಡ್ ತುಂಬಾ ಓಡಾಡುತ್ತದೆ. ವರದಿ ಅಂತ ಕನ್ನಡದಲ್ಲೇ ಹೆಸರಿದ್ದ ಪಿಡಿಎಫ್ ಅನ್ನು ಅದರಲ್ಲಿ ಕಳಿಸಿದೆ. ಕನ್ನಡ ಅಕ್ಷರ ಕಂಡಿದ್ದೇ ತಡ, 'ಅಟ್ಯಾಚ್‌ಮೆಂಟ್' ಅನ್ನೋ ಪದವನ್ನೂ ಸೇರಿಸಿ ಇಡೀ ಸಾಲು ಬೇಸ್64 (ಯಾವುದೇ ಡೇಟಾವನ್ನು ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ಬಗೆ) ಆಯಿತು. ಓದುವ ಕಡೆ ಹೆಸರೂ ಇಲ್ಲ, ಪಿಡಿಎಫ್ ಗುರುತೂ ಇಲ್ಲ. ಹೆಸರಲ್ಲಿ ಖಾಲಿ ಜಾಗ ಇದ್ದರೂ ಈ ಕೋಡ್ ಅರ್ಧ ಹೆಸರು ನುಂಗುತ್ತದೆ. ಹೊಸ ಇಮೇಲ್‌ಮೆಸೇಜ್ ಕ್ಲಾಸ್‌ನಲ್ಲಿ ಫೈಲ್‌ನೇಮ್ ಅನ್ನು ಬೇರೆಯಾಗಿ ಕೊಟ್ಟರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಬೈಟ್ಸ್ (ಫೈಲ್‌ನ ಕಚ್ಚಾ ಡೇಟಾ) ಕೊಟ್ಟು, ಅದು ಯಾವ ಬಗೆಯ ಫೈಲ್ ಅಂತ ಹೇಳುವ ಮೇನ್‌ಟೈಪ್, ಸಬ್‌ಟೈಪ್ ಬಿಟ್ಟರೆ ಅಲ್ಲೇ ಟೈಪ್‌ಎರರ್. ನನಗೆ ಬೇಕಿದ್ದದ್ದೇ ಅದು: ಕಳಿಸುವ ಮೊದಲೇ ಜಗಳ.

ಎಪಿಐ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಸ್‌ಎಂಟಿಪಿ ಪೋರ್ಟ್ ಮುಚ್ಚಿದ ಸರ್ವರ್‌ನಲ್ಲೂ ವೆಬ್‌ನ ಪೋರ್ಟ್ 443ರ ಮೂಲಕ ನಡೆಯುತ್ತದೆ, ಅದು ದೊಡ್ಡ ಅನುಕೂಲ. ಆದರೆ ಫೈಲ್ ಅನ್ನು ಬೇಸ್64 ಮಾಡಿದ ಮೇಲೂ ಪೈಥಾನ್‌ನಲ್ಲಿ ಅದು ಬೈಟ್ಸ್ ಆಗಿಯೇ ಇರುತ್ತದೆ. ಡೀಕೋಡ್ ಮಾಡಿ ಸ್ಟ್ರಿಂಗ್ (ಪಠ್ಯ) ಮಾಡದಿದ್ದರೆ ಜೇಸನ್, ಅಂದರೆ ಎಪಿಐಗೆ ಡೇಟಾ ಕಳಿಸುವ ಪಠ್ಯ ರೂಪ, ಒಪ್ಪುವುದಿಲ್ಲ. 202 ಬಂತು ಅಂತ ಹಿಗ್ಗಬೇಡಿ. ಕೇಳಿಸಿಕೊಂಡೆ ಅಂತ ಅರ್ಥ, ತಲುಪಿಸಿದೆ ಅಂತಲ್ಲ. ಆಮೇಲಿನ ಬೌನ್ಸ್ (ತಲುಪದೆ ವಾಪಸ್ ಬಂದ ಮೇಲ್) ನೋಡಲು ವೆಬ್‌ಹುಕ್, ಅಂದರೆ ಸೇವೆಯೇ ನಮಗೆ ಸುದ್ದಿ ಮುಟ್ಟಿಸುವ ವಿಳಾಸ, ಕಟ್ಟಬೇಕು.

ನನ್ನ ಓಟು ಇಮೇಲ್‌ಮೆಸೇಜ್ ಜೊತೆಗಿನ ಎಸ್‌ಎಂಟಿಪಿಗೆ. ಪೋರ್ಟ್ ಮುಚ್ಚಿದ್ದರೆ ಮಾತ್ರ ಎಪಿಐ. ಕಮಾಂಡ್ ಏನಿದ್ದರೂ ಸುಮ್ನೆ ನನಗೆ ನಾನೇ ಲಾಗ್ ಕಳಿಸಿಕೊಳ್ಳಲಿಕ್ಕೆ. ಯಾವುದನ್ನೇ ಹಿಡಿದರೂ ಬೇಸ್64 ಗಾತ್ರವನ್ನು ಮೂರರಲ್ಲೊಂದು ಭಾಗಕ್ಕಿಂತ ತುಸು ಜಾಸ್ತಿಯೇ ಹಿಗ್ಗಿಸುತ್ತದೆ. ಇಡೀ ಮೇಲ್‌ಗೆ 25 ಎಂಬಿ ಮಿತಿ ಇಟ್ಟ ಸರ್ವರ್‌ಗೆ 20 ಎಂಬಿ ಫೈಲ್ ಹಿಡಿಸುವುದಿಲ್ಲ. ಅಷ್ಟು ದೊಡ್ಡದಾದರೆ ಲಿಂಕ್ ಕಳಿಸಿ.