ಹಲ್ಲುಸಂದಿಯ ಪುಟ್ಟ ಬ್ರಷ್: ಗಾತ್ರ ಸರಿಯಾಗಿದ್ದರೆ ಕೊಟ್ಟ ಹಣ ಸಾರ್ಥಕ

ಊಟವಾದ ಮೇಲೆ ಹಲ್ಲುಸಂದಿಯಲ್ಲಿ ಬಸಳೆ ದಂಟಿನ ನಾರೋ ಹಲಸಿನ ತೊಳೆಯ ಎಳೆಯೋ ಸಿಕ್ಕಿಕೊಂಡು, ನಾಲಿಗೆ ಗಂಟೆಗಟ್ಟಲೆ ಅಲ್ಲೇ ಸುಳಿಯುತ್ತಿರುವವರು ಈ ಬ್ರಷ್ ಕೊಂಡುಕೊಳ್ಳಲೇಬೇಕು. ಹಲ್ಲುಕಡ್ಡಿಗಿಂತ ಚಿಕ್ಕ ವಸ್ತು. ಮೊಂಡು ಹಿಡಿ, ಅದರ ತುದಿಯಲ್ಲೊಂದು ಸಣ್ಣ ತಂತಿ, ತಂತಿಯ ಸುತ್ತ ಮೃದುವಾದ ಎಳೆಗಳು. ಅಂಗಡಿಯಲ್ಲಿ ‘ಇಂಟರ್‌ಡೆಂಟಲ್ ಬ್ರಷ್’ ಎಂದು ಕೇಳಬೇಕು. ನಾನು ಬಳಸುತ್ತಿರುವುದು ಸ್ವೀಡನ್‌ನ ಟೆಪೆ ಕಂಪನಿಯದು.

ನನಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಹತೋಟಿ ತಪ್ಪಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆಯ ಹತೋಟಿ ಇನ್ನೂ ಕಷ್ಟವಾಗುತ್ತದೆ. ಸಕ್ಕರೆ ಕಾಯಿಲೆಯವರು ಪಾದವನ್ನು ಎಷ್ಟು ಜೋಪಾನ ಮಾಡುತ್ತಾರೋ ಒಸಡನ್ನೂ ಅಷ್ಟೇ ಜೋಪಾನ ಮಾಡಬೇಕೆಂದು ನಮ್ಮ ದಂತವೈದ್ಯೆ ಪ್ರತಿ ಸಲವೂ ಹೇಳುತ್ತಾರೆ. ದವಡೆ ಹಲ್ಲುಗಳ ನಡುವೆ ನನ್ನ ಒಸಡು ಸ್ವಲ್ಪ ಕೆಳಗಿಳಿದು, ಬುಡದಲ್ಲಿ ತ್ರಿಕೋನಾಕಾರದ ಕಿಂಡಿಗಳಾಗಿವೆ. ಎಷ್ಟೇ ಒಳ್ಳೆಯ ಬ್ರಷ್ ಆದರೂ ಹಲ್ಲಿನ ಹೊರಮೈ, ಒಳಮೈ, ಅಗಿಯುವ ಮೈಯನ್ನಷ್ಟೇ ಉಜ್ಜುತ್ತದೆ. ಎರಡು ಹಲ್ಲುಗಳು ಎದುರುಬದುರಾಗಿ ನಿಂತಿರುವ ಪಕ್ಕದ ಮೈಗೆ ಅದರ ಎಳೆ ಹೋಗುವುದೇ ಇಲ್ಲ. ಒಸಡಿನ ರೋಗ ಸಾಮಾನ್ಯವಾಗಿ ಶುರುವಾಗುವುದು ಅಲ್ಲಿಂದಲೇ.

ಕೊಳ್ಳುವ ಮುಂಚೆ ಗಾತ್ರದ ವಿಷಯ ತಿಳಿದಿರಬೇಕು. ಈ ಕಂಪನಿಯ ಸಾಮಾನ್ಯ ಬ್ರಷ್‌ನಲ್ಲಿ ಒಂಬತ್ತು ಗಾತ್ರಗಳಿವೆ. 0.4 ಮಿಲಿಮೀಟರ್ ತಂತಿಯದು ಗುಲಾಬಿ, 0.45 ಕಿತ್ತಳೆ, 0.5 ಕೆಂಪು, 0.6 ನೀಲಿ, ಹೀಗೆ 1.5ರ ಕಪ್ಪಿನವರೆಗೆ ಹೋಗುತ್ತದೆ. ಬಣ್ಣ ನೋಡಿ ಬೇರೆ ಕಂಪನಿಯದನ್ನು ಕೊಳ್ಳಬೇಡಿ. ಒಬ್ಬರ ಕೆಂಪು ಇನ್ನೊಬ್ಬರ ಕೆಂಪಿನ ಅಳತೆಗೆ ಹೊಂದುವುದಿಲ್ಲ. ಒಂದೇ ಬಾಯಿಗೆ ಒಂದೇ ಗಾತ್ರ ಸಾಲುವುದೂ ಅಪರೂಪ. ನನಗೆ ಮುಂದಿನ ಹಲ್ಲುಗಳಿಗೆ ಗುಲಾಬಿ, ದವಡೆಗೆ ನೀಲಿ. ಎಳೆಗಳು ಎರಡೂ ಬದಿಯ ಹಲ್ಲನ್ನು ಸವರಬೇಕು, ಆದರೆ ತಂತಿ ಹಲ್ಲಿಗಾಗಲಿ ಒಸಡಿಗಾಗಲಿ ಉಜ್ಜಬಾರದು. ಸಲೀಸಾಗಿ ಹೋಗದಿದ್ದರೆ ಬಲವಂತ ಮಾಡದೆ ಚಿಕ್ಕ ಗಾತ್ರಕ್ಕೆ ಇಳಿಯಬೇಕು. ಏನೂ ತಾಗದಂತೆ ಓಡಾಡಿದರೆ ಅದು ನಿಮಗೆ ಸಣ್ಣದಾಯಿತು.

ರಾತ್ರಿ ಹಲ್ಲುಜ್ಜುವ ಮೊದಲು ಕನ್ನಡಿಯ ಮುಂದೆ ನಿಂತು ಬಳಸುತ್ತೇನೆ. ಪೇಸ್ಟ್ ಹಚ್ಚುವುದಿಲ್ಲ, ನೀರಿನಲ್ಲಿ ಅದ್ದಿದರೆ ಸಾಕು. ಹಿಂದಿನ ದವಡೆಗೆ ಬಾಯಿಯನ್ನು ದೊಡ್ಡದಾಗಿ ತೆರೆದರೆ ಕೆನ್ನೆ ಬಿಗಿದು ಕೈ ಒಳಗೆ ಹೋಗುವುದೇ ಇಲ್ಲ. ಬಾಯಿಯನ್ನು ಅರ್ಧ ಮುಚ್ಚಿ, ಕೆನ್ನೆ ಸಡಿಲಬಿಟ್ಟು, ತಂತಿಯನ್ನು ತುಸು ಬಾಗಿಸಿ ಹೊರಬದಿಯಿಂದ ತೂರಿಸಿ. ಬ್ರಷ್ ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಎರಡು ಮೂರು ಸಲ ಹಿಂದೆ ಮುಂದೆ ಆಡಿಸಿ ತೆಗೆದರೆ ಎಳೆಗಳ ನಡುವೆ ಬೆಣ್ಣೆಯಂತೆ ಮೆತ್ತಗಿನ, ಹಳದಿ ಬಿಳುಪಿನ ಪಾಚಿ ಬಂದಿರುತ್ತದೆ. ಅದನ್ನು ಒಮ್ಮೆ ಮೂಸಿ ನೋಡಿ. ಲವಂಗ ಅಗಿದರೂ ಏಲಕ್ಕಿ ಅಗಿದರೂ ಹೋಗದ ಬಾಯಿ ವಾಸನೆ ಎಲ್ಲಿ ಕುಳಿತಿತ್ತೆಂದು ಗೊತ್ತಾಗುತ್ತದೆ. ಆಗಾಗ ನಲ್ಲಿಯ ನೀರಿನಲ್ಲಿ ತೊಳೆದುಕೊಂಡು ಮುಂದಿನ ಸಂದಿಗೆ ಹೋಗಬೇಕು. ಮುಗಿದ ಮೇಲೆ ಒಣಗಲು ಬಿಟ್ಟರೆ ಒಂದು ಬ್ರಷ್ ವಾರದ ಮಟ್ಟಿಗೆ ಬರುತ್ತದೆ. ಎಳೆ ಉದುರಿದರೆ ಅಥವಾ ತಂತಿ ಮುರುಟಿದರೆ ಎಸೆದುಬಿಡಿ.

ಮೊದಮೊದಲು ರಕ್ತ ಬಂದೀತು. ಬಹಳ ಜನ ಇಲ್ಲಿಯೇ ಹೆದರಿ ನಿಲ್ಲಿಸಿಬಿಡುತ್ತಾರೆ, ನನಗೆ ಬೇಸರವಾಗುವುದು ಇದಕ್ಕೇ. ಆರೋಗ್ಯವಾಗಿರುವ ಒಸಡು ಮೃದುವಾದ ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಸುರಿಸುವುದಿಲ್ಲ. ಪಾಚಿ ಕೂತು ಊದಿಕೊಂಡಿರುವುದರಿಂದ ರಕ್ತ ಬರುತ್ತದೆ, ಆ ಜಾಗಕ್ಕೇ ಬ್ರಷ್ ಹೆಚ್ಚು ಬೇಕಾಗಿರುವುದು. ದಿನವೂ ಶುಚಿ ಮಾಡಿದರೆ ಒಂದೆರಡು ವಾರಗಳಲ್ಲಿ ಕಡಿಮೆಯಾಗಬೇಕು. ಆಗದಿದ್ದರೆ ವೈದ್ಯರ ಬಳಿಗೆ ಹೋಗಿ. ಪಾಚಿ ಕಲ್ಲಿನಂತೆ ಗಟ್ಟಿಯಾಗಿದ್ದರೆ ಮನೆಯ ಯಾವ ಬ್ರಷ್ಷೂ ಅದನ್ನು ಕೀಳುವುದಿಲ್ಲ, ಕ್ಲಿನಿಕ್‌ನಲ್ಲೇ ತೆಗೆಸಬೇಕು. ಊತ ಇಳಿದ ಮೇಲೆ ಸಂದಿ ಅಗಲವಾದಂತೆ ಕಾಣುವುದುಂಟು. ಬ್ರಷ್ಷೇ ಹಲ್ಲನ್ನು ಅಗಲಿಸಿತು ಎಂದು ದೂರುವವರನ್ನು ಕಂಡಿದ್ದೇನೆ. ಊದಿದ್ದ ಒಸಡು ತನ್ನ ಜಾಗಕ್ಕೆ ಮರಳಿದ್ದರಿಂದ ಹಾಗೆ ಕಾಣುತ್ತದೆ. ಆಗ ಒಂದು ಗಾತ್ರ ಮೇಲಕ್ಕೆ ಹೋಗಬೇಕಾಗಬಹುದು.

ಸಾಗರದ ನಮ್ಮ ಮನೆಯಲ್ಲಿ ಇದರಿಂದ ಹೆಚ್ಚು ಉಪಕಾರವಾದದ್ದು ಅತ್ತೆಯವರಿಗೆ. ಅವರಿಗೆ ಕವಳ (ಎಲೆ ಅಡಿಕೆ) ಹಾಕುವ ಅಭ್ಯಾಸ, ಅಡಿಕೆಯ ಚೂರು ದವಡೆ ಸಂದಿಗೆ ಹೊಕ್ಕರೆ ಸೇಫ್ಟಿ ಪಿನ್ ಹುಡುಕುತ್ತಿದ್ದರು. ಬೆರಳುಗಳು ಗಟ್ಟಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅವರಿಗೆ ಮೊಂಡು ಹಿಡಿಯದು ಆಗಿಬರಲಿಲ್ಲ. ಉದ್ದ ಹಿಡಿಯ, ತಲೆ ಬಾಗಿದ ಬ್ರಷ್ ತಂದುಕೊಟ್ಟೆ. ಈಗ ಜಗುಲಿಯಲ್ಲಿ ಕೂತು ತಾವೇ ಮಾಡಿಕೊಳ್ಳುತ್ತಾರೆ. ಪಿನ್ ಮಾಯವಾಗಿದೆ. ಹಾಗೆಂದು ಬ್ರಷ್ ಇದೆಯಲ್ಲ ಎಂದು ಕವಳ ಮುಂದುವರಿಸಬಹುದು ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆ ಅಗಿಯುವುದು ಕ್ಯಾನ್ಸರ್‌ಕಾರಕ ಎಂದು 2004ರ ವರದಿಯಲ್ಲಿಯೇ ಹೇಳಿದೆ. ಅಡಿಕೆ ಬೆಳೆಯುವ ಮನೆಯವಳಾಗಿ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯುತ್ತೇನೆ.

ಕೊರತೆಗಳೂ ಇವೆ. ಬೆಲೆ ಹೆಚ್ಚು, ಮನೆಮಂದಿಗೆಲ್ಲ ತರುವಾಗ ತಿಂಗಳ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ನಮ್ಮ ಪೇಟೆಯ ಔಷಧದ ಅಂಗಡಿಗಳಲ್ಲಿ ಸಿಗದೆ ಆನ್‌ಲೈನ್‌ನಲ್ಲಿ ತರಿಸುತ್ತೇನೆ. ಅಗ್ಗಕ್ಕೆ ಸಿಕ್ಕಿದ ಹೆಸರಿಲ್ಲದ ಪೊಟ್ಟಣವೊಂದನ್ನೂ ನೋಡಿದೆ. ಅದರ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ, ಎರಡೇ ದಿನಕ್ಕೆ ಬುಡದಲ್ಲಿ ಮುರಿಯಿತು. ಒತ್ತೊತ್ತಾಗಿ ಹಲ್ಲುಗಳಿರುವ ಹುಡುಗರಿಗೆ ಇದು ಬೇಡ, ಫ್ಲಾಸ್ ದಾರವೇ ಸರಿ. ನಮ್ಮ ಮಗನಿಗೆ ಅದನ್ನೇ ಕೊಟ್ಟಿದ್ದೇನೆ.

ಇದನ್ನು ಬಳಸುವವರೂ ದಿನಕ್ಕೆರಡು ಬಾರಿ ಮೆತ್ತನೆಯ ಬ್ರಷ್‌ನಿಂದ ಎರಡು ನಿಮಿಷ ಉಜ್ಜುವುದನ್ನು ಬಿಡುವಂತಿಲ್ಲ. ಪೇಸ್ಟ್‌ನಲ್ಲಿ ಫ್ಲೋರೈಡ್ ಇರಲಿ. ನಮ್ಮ ದೇಶದ ನಿಯಮದಂತೆ ಅದು 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರುವಂತಿಲ್ಲ, ಎಷ್ಟಿದೆ ಎಂದು ಟ್ಯೂಬಿನ ಮೇಲೆಯೇ ಬರೆದಿರಬೇಕು. ಉಜ್ಜಿದ ಮೇಲೆ ನೊರೆ ಉಗುಳಿ ಸುಮ್ಮನಿರಿ. ಗಳಗಳ ಮುಕ್ಕಳಿಸಿದರೆ ಫ್ಲೋರೈಡೆಲ್ಲ ನೀರಿನ ಜೊತೆ ಹೋಗುತ್ತದೆ.

ಹೊಸದಾಗಿ ಕೊಳ್ಳುವವರು ಮೊದಲು ದಂತವೈದ್ಯರಲ್ಲಿ ಸಂದಿಗಳ ಅಳತೆ ನೋಡಿಸಿಕೊಳ್ಳಿ. ಯಾವ ಹಲ್ಲಿನ ನಡುವೆ ಎಷ್ಟು ಮಿಲಿಮೀಟರ್ ಎಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಅದಿಲ್ಲದೆ ತರಿಸುವುದಾದರೆ, ಬೇರೆ ಬೇರೆ ಗಾತ್ರಗಳನ್ನು ಸೇರಿಸಿದ ಪೊಟ್ಟಣ ಸಿಗುತ್ತದೆ, ಅದರಿಂದ ಶುರು ಮಾಡಿ.