200 ಲೀಟರ್ ಸೋಲಾರ್ ವಾಟರ್ ಹೀಟರ್: ಕೊಟೇಶನ್ 28 ಸಾವಿರ, ಖರ್ಚಾದದ್ದು 48 ಸಾವಿರ

ಸೋಲಾರ್ ವಾಟರ್ ಹೀಟರ್ ಹಾಕಿಸಲು ಎಷ್ಟಾಗುತ್ತದೆ ಎಂದು ಅಂಗಡಿಯಲ್ಲಿ ಕೇಳಿ ನೋಡಿ. ಅವರು ಹೇಳುವುದು ಟ್ಯಾಂಕು, ಗಾಜಿನ ಟ್ಯೂಬುಗಳ ಬೆಲೆ ಮಾತ್ರ. ಬಚ್ಚಲಿನ ನಲ್ಲಿಯಲ್ಲಿ ಬಿಸಿನೀರು ಬರಬೇಕಾದರೆ ಆಗುವ ಖರ್ಚೇ ಬೇರೆ. ತುಮಕೂರಿನ ನಮ್ಮ ಮನೆಗೆ 200 ಲೀಟರಿನದು ಹಾಕಿಸಿದ್ದೇವೆ. ಕೆಳಗೊಂದು ಮೇಲೊಂದು ಬಚ್ಚಲು, ನಾಲ್ಕು ಜನ. ಮನೆ ಹಳೆಯದು, ಬಿಸಿನೀರಿನ ಲೈನ್ ಎಂಬುದೇ ಇರಲಿಲ್ಲ. ಕೊಟೇಶನ್ ಮೀರಿದ ಖರ್ಚಿನಲ್ಲಿ ಅರ್ಧದ ಮೂಲ ಅಲ್ಲೇ ಇರುವುದು.

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಇಟಿಸಿ, ಅಂದರೆ ಗಾಜಿನ ಟ್ಯೂಬಿನ ಹೀಟರ್, ಜಿಎಸ್‌ಟಿ ಸೇರಿ 28,000. ತಣ್ಣೀರಿನ ಸಿಂಟೆಕ್ಸ್ ಟ್ಯಾಂಕನ್ನು ಎತ್ತರಿಸಲು ಕಬ್ಬಿಣದ ಸ್ಟ್ಯಾಂಡ್ 6,500. ತಾರಸಿಯಿಂದ ಎರಡು ಬಚ್ಚಲಿಗೆ ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು, ವಾಲ್ವು, ಗೋಡೆ ಕೊರೆದು ಮುಚ್ಚುವ ಕೂಲಿ ಎಲ್ಲ ಸೇರಿ 9,500. ಪೈಪಿನ ಮೇಲೆ ಸುತ್ತುವ ಕಪ್ಪು ಇನ್ಸುಲೇಶನ್ 1,200. ಮೋಡದ ದಿನಕ್ಕೆಂದು ಕರೆಂಟಿನ ಕಾಯಿಲ್, ಅದರ ವೈರಿಂಗ್, ಎಂಸಿಬಿ ಸ್ವಿಚ್ಚು 2,000. ಎಲ್ಲವನ್ನೂ ಎರಡನೇ ತಾರಸಿಗೆ ಹೊತ್ತು ಹಾಕಿದವರಿಗೆ 800. ಒಟ್ಟು 48,000.

ಡೀಲರ್ ಬಾಯಲ್ಲಿ ಪದೇ ಪದೇ ಬಂದ ಮಾತು "ಇನ್‌ಸ್ಟಲೇಶನ್ ಫ್ರೀ ಸರ್". ಫ್ರೀ ಅಂದರೆ ಏನೇನು ಬರುತ್ತದೆ ಎಂದು ಬಿಡಿಸಿ ಕೇಳಿದಾಗ "ಪ್ಲಂಬಿಂಗ್ ನಿಮ್ಮದು, ಸ್ಟ್ಯಾಂಡ್ ನಿಮ್ಮದು, ವೈರಿಂಗೂ ನಿಮ್ಮದೇ ಸರ್" ಎಂದರು. ಅಂದರೆ ಅವರ ಕಡೆಯ ಇಬ್ಬರು ಹುಡುಗರು ಬಂದು ಫ್ರೇಮು ಜೋಡಿಸಿ, ಟ್ಯೂಬು ಸಿಕ್ಕಿಸಿ, ಟೀ ಕುಡಿದು ಹೋಗುತ್ತಾರೆ, ಅಷ್ಟೆ. ಕೊಟೇಶನ್ ಕೈಗೆ ಬಂದ ಕೂಡಲೇ ಪ್ಲಂಬರನ್ನೂ ಕರೆದು ತಾರಸಿ ತೋರಿಸಿ, ಅವನದೂ ಒಂದು ಲೆಕ್ಕ ಬರೆಸಿಕೊಳ್ಳಿ. ಎರಡನ್ನೂ ಕೂಡಿಸಿದ ಮೇಲೆ ಹಾಕಿಸುವುದೋ ಬೇಡವೋ ಯೋಚಿಸಿ.

ಆ ಸ್ಟ್ಯಾಂಡ್ ಯಾಕೆ ಬೇಕು ಎಂದು ಅಪ್ಪ ಕೊನೆಯವರೆಗೂ ಗೊಣಗುತ್ತಲೇ ಇದ್ದರು. ವಿಷಯ ಇಷ್ಟೆ. ಇದರಲ್ಲಿ ಮೋಟಾರು ಇಲ್ಲ. ಟ್ಯೂಬಿನಲ್ಲಿ ಕಾದ ನೀರು ಹಗುರಾಗಿ ತಾನೇ ಮೇಲೆ ಹೋಗುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಬಿಸಿನೀರಿನ ಟ್ಯಾಂಕಿಗೆ ನೀರು ತುಂಬುವುದು ತಣ್ಣೀರಿನ ಟ್ಯಾಂಕಿನಿಂದ, ಅದೂ ಬರೀ ಎತ್ತರದ ಬಲದಿಂದ. ಹಾಗಾಗಿ ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಲೇಬೇಕು. ನಮ್ಮ ಸಿಂಟೆಕ್ಸ್ ತಾರಸಿಯ ಮೇಲೆ ಎರಡು ಸಾಲು ಇಟ್ಟಿಗೆ ಇಟ್ಟು ಕೂರಿಸಿದ್ದು. ಹಳೆಯ ಮನೆಗಳಲ್ಲಿ ಬಹುಪಾಲು ಹೀಗೇ ಅಲ್ವಾ? ಮೊದಲೇ ಎತ್ತರದ ಕಟ್ಟೆ ಕಟ್ಟಿಸಿಕೊಂಡವರಿಗೆ ಈ 6,500 ಉಳಿಯಿತು.

ನನಗೆ ಸಿಟ್ಟು ಬಂದದ್ದು ಏರ್ ವೆಂಟ್ ವಿಷಯಕ್ಕೆ. ಸೋಲಾರ್ ಟ್ಯಾಂಕಿನಿಂದ ಆಕಾಶಕ್ಕೆ ನೆಟ್ಟಗೆ ನಿಲ್ಲುವ ಪೈಪು ಅದು, ಹಬೆ ಹೊರಗೆ ಹೋಗಲಿ ಎಂದು ಇಡುವುದು. ತಣ್ಣೀರಿನ ಟ್ಯಾಂಕು ತುಂಬಿದಾಗ ನೀರು ಎಷ್ಟು ಮಟ್ಟಕ್ಕೆ ಬರುತ್ತದೋ ಅದಕ್ಕಿಂತ ಮೇಲೆ ಇದರ ಬಾಯಿ ಇರಬೇಕು. ಕಂಪನಿಯ ಹುಡುಗರು ಕೈಯಲ್ಲಿದ್ದ ತುಂಡನ್ನೇ ಹಾಕಿ ಹೋದರು. ಮೋಟಾರು ಹಾಕಿ ಸಿಂಟೆಕ್ಸ್ ತುಂಬಿದಾಗಲೆಲ್ಲ ಕಾದ ನೀರು ಆ ಪೈಪಿನಿಂದ ತಾರಸಿಗೆ ಸುರಿಯುತ್ತಿತ್ತು. ಫೋನ್ ಮಾಡಿದರೆ "ನೋಡ್ತೀವಿ ಸರ್". ಕೊನೆಗೆ ನಮ್ಮ ಪ್ಲಂಬರೇ ಮೂರಡಿ ಪೈಪು ಸೇರಿಸಿ ಸರಿ ಮಾಡಿದ. ಹಾಗಾಗಿ ನನ್ನ ಅಂಕ ಹೀಟರಿಗೆ ಐದಕ್ಕೆ ನಾಲ್ಕು, ಹಾಕಿದವರಿಗೆ ಐದಕ್ಕೆ ಒಂದೂವರೆ.

ಹೀಟರ್ ಮಾತ್ರ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಬೇಸಿಗೆಯಲ್ಲಿ ನೀರು ಎಷ್ಟು ಸುಡುತ್ತದೆ ಎಂದರೆ ಚಿಕ್ಕ ಮಕ್ಕಳಿರುವ ಮನೆಯವರು ಬಿಸಿನೀರು ತಣ್ಣೀರು ಬೆರೆಸಿ ಬಿಡುವ ಮಿಕ್ಸರ್ ನಲ್ಲಿ ಇಲ್ಲದೆ ಹಾಕಿಸಲೇಬಾರದು. ಹಗಲು ಕಾದ ನೀರು ಮರುದಿನ ಬೆಳಿಗ್ಗೆಯೂ ಬಿಸಿಯಾಗಿಯೇ ಇರುತ್ತದೆ. ಡಿಸೆಂಬರಿನ ಚಳಿಯಲ್ಲೂ ಬೆಳಗಿನ ನಾಲ್ಕು ಸ್ನಾನಕ್ಕೆ ತೊಂದರೆಯಿಲ್ಲ. ಜುಲೈ, ಆಗಸ್ಟಿನಲ್ಲಿ ಮೋಡ ಕವಿದು ಕೂತರೆ ಮಾತ್ರ ಉಗುರು ಬೆಚ್ಚಗೆ. ಆಗ ಕಾಯಿಲ್ ಹಾಕಬೇಕು. ಆದರೆ ಕಾಯಿಲ್ ಹಾಕಿ ಮರೆತರೆ ಅದು ನಿಮ್ಮ ಒಂದು ಬಕೆಟ್ಟಿಗೆ ಸುಮ್ನಾಗುವುದಿಲ್ಲ, ಇಡೀ ಟ್ಯಾಂಕನ್ನು ಕಾಯಿಸುತ್ತದೆ. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು ಮೂರೂವರೆ ಯೂನಿಟ್ ಬೇಕು, 200 ಲೀಟರಿಗೆ ಏಳು. ಮಳೆಗಾಲಕ್ಕೆಂದು ಹಳೆಯ ಸಣ್ಣ ಗೀಸರನ್ನು ಹಾಗೇ ಉಳಿಸಿಕೊಂಡರೆ ಈ 2,000 ಕೂಡ ಉಳಿಯುತ್ತದೆ.

ಇನ್ನೊಂದು, ಕೆಳಗಿನ ಬಚ್ಚಲಿಗೆ ಬಿಸಿನೀರು ಬರುವ ಮೊದಲು ಅರ್ಧ ಬಕೆಟ್ ತಣ್ಣೀರು ಬರುತ್ತದೆ. ಪೈಪು ಉದ್ದ, ಏನೂ ಮಾಡಲಾಗದು. ಅಮ್ಮ ಅದನ್ನು ಹಿಡಿದಿಟ್ಟು ಬಟ್ಟೆ ನೆನೆಹಾಕಲು ಬಳಸುತ್ತಾರೆ.

ಈಗ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂಬ ಪ್ರಶ್ನೆ. ಅಂಗಡಿಯವರು ಮೂರು ವರ್ಷ ಎನ್ನುತ್ತಾರೆ. ನನ್ನ ಲೆಕ್ಕ ಬೇರೆ. ನಾಲ್ಕು ಜನರ ಸ್ನಾನಕ್ಕೆ ಗೀಸರ್ ದಿನಕ್ಕೆ ಮೂರು ಯೂನಿಟ್ ತಿನ್ನುತ್ತದೆ ಎಂದು ಹಿಡಿಯಿರಿ, ತಿಂಗಳಿಗೆ 90. ಯೂನಿಟ್ಟಿಗೆ ಆರು ರೂಪಾಯಿಯಂತೆ 540. ಮೋಡದ ತಿಂಗಳುಗಳನ್ನು ಕಳೆದರೆ ವರ್ಷಕ್ಕೆ ಹೆಚ್ಚೆಂದರೆ 5,000 ಉಳಿತಾಯ. 48,000 ವಾಪಸ್ ಬರಲು ಒಂಬತ್ತು ವರ್ಷ ದಾಟುತ್ತದೆ. ಅದೂ ಕರೆಂಟಿಗೆ ದುಡ್ಡು ಕಟ್ಟುವ ಮನೆಯಾದರೆ. ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕವೇ ತಲೆಕೆಳಗಾಗಿದೆ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ಅಷ್ಟು ಯೂನಿಟ್ ಫ್ರೀ, ಆದರೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗೀಸರ್ ಹಾಕಿಯೂ ಫ್ರೀ ಮಿತಿಯೊಳಗೇ ಇರುವವರಿಗೆ ಸೋಲಾರ್‌ನಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ಗೀಸರಿನಿಂದಲೇ 200 ದಾಟುತ್ತಿತ್ತು, ಈಗ ದಾಟುತ್ತಿಲ್ಲ. ನಮಗೆ ಲಾಭವಾದದ್ದು ಹಾಗೆ. ಬೆಸ್ಕಾಂನಲ್ಲಿ ಸೋಲಾರ್ ಹೀಟರ್ ಇರುವವರಿಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಬಹಳ ಹಿಂದಿನಿಂದ ನಡೆದು ಬಂದಿದೆ. ಬಿಲ್ಲೇ ಸೊನ್ನೆ ಬಂದರೆ ರಿಯಾಯಿತಿ ಎಲ್ಲಿಂದ ಬರಬೇಕು, ಬಿಡಿ.

ಸಬ್ಸಿಡಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಯಾವ ಸಬ್ಸಿಡಿ ಎಂದು ಕೇಳಿ. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಕರೆಂಟ್ ಉತ್ಪಾದಿಸುವ ಪ್ಯಾನೆಲ್‌ಗೆ, ಅದೂ 3 ಕಿಲೋವ್ಯಾಟ್ ಅಥವಾ ಅದಕ್ಕೆ ಮೇಲ್ಪಟ್ಟು ಹಾಕಿಸಿದರೆ. ನೀರು ಕಾಯಿಸುವ ಸೋಲಾರ್‌ಗೆ ಅದು ಬರುವುದಿಲ್ಲ. ಇದಕ್ಕಿದ್ದ ಕೇಂದ್ರದ ಸಬ್ಸಿಡಿ 2014ರಲ್ಲೇ ನಿಂತಿದೆ. ಜಿಎಸ್‌ಟಿಯನ್ನೂ ನೋಡಿಕೊಳ್ಳಿ. 2022ರ ಜುಲೈನಲ್ಲಿ ಶೇಕಡ 5ರಿಂದ 12ಕ್ಕೆ ಏರಿಸಿದ್ದರು, 2025ರ ಸೆಪ್ಟೆಂಬರಿನಲ್ಲಿ ಮತ್ತೆ 5ಕ್ಕೆ ಇಳಿಸಿದರು. ಹಳೆಯ ಕೊಟೇಶನ್ ಹಿಡಿದುಕೊಂಡು ಬಂದು 12 ಹಾಕುವವರಿದ್ದರೆ ಬಿಡಬೇಡಿ.

ಎಫ್‌ಪಿಸಿ, ಅಂದರೆ ತಾಮ್ರದ ಕೊಳವೆಯ ಚಪ್ಪಟೆ ಪ್ಯಾನೆಲ್ಲಿನದು, ಇದೇ 200 ಲೀಟರಿಗೆ 50 ಸಾವಿರದ ಹತ್ತಿರ ಹೇಳಿದರು. ಬಾಳಿಕೆ ಜಾಸ್ತಿ, ಕೋತಿ ಕುಣಿದರೂ ಟ್ಯೂಬು ಒಡೆಯುವ ಭಯವಿಲ್ಲ. ಆದರೆ ನಮ್ಮದು ಅರ್ಧ ಹೇಮಾವತಿ ನೀರು, ಅರ್ಧ ಬೋರ್‌ವೆಲ್. ಬೋರಿನ ಗಡಸು ನೀರಿಗೆ ತಾಮ್ರದ ಸಣ್ಣ ಕೊಳವೆಯೊಳಗೆ ಬಿಳಿ ಗಾರೆ ಕಟ್ಟಿಕೊಳ್ಳುತ್ತದೆ, ಬಿಡಿಸುವುದು ಕಷ್ಟ. ಗಾಜಿನ ಟ್ಯೂಬಾದರೆ ಕಳಚಿ ತೊಳೆಯಬಹುದು. ಪೂರ್ತಿ ನದಿ ನೀರು ಬರುವ ಮನೆಯಾದರೆ, ಕೈಯಲ್ಲಿ ದುಡ್ಡಿದ್ದರೆ ಎಫ್‌ಪಿಸಿಯೇ ಮೇಲು ಎಂದು ನನ್ನ ಅಭಿಪ್ರಾಯ. ಇನ್ನು ತೀರ್ಥಹಳ್ಳಿ ಕಡೆಯ ನಮ್ಮ ನೆಂಟರು ಎರಡನ್ನೂ ಕೇಳಿ ನಕ್ಕರು. ಅಲ್ಲಿ ನಾಲ್ಕು ತಿಂಗಳು ಸೂರ್ಯನೇ ಕಾಣುವುದಿಲ್ಲ, ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಪುಕ್ಕಟೆ, ಹಂಡೆ ತುಂಬ ಸುಡುಸುಡು ನೀರು. ಅವರಿಗೆ ಇದನ್ನು ಮಾರಲು ಹೋಗುವುದು ದಂಡ.

ಗಾಜಿನ ಟ್ಯೂಬಿನಲ್ಲಿ ಒಂದು ಎಚ್ಚರ ಬೇಕು. ಟ್ಯಾಂಕು ಖಾಲಿಯಾಗಿ ಮಧ್ಯಾಹ್ನದ ಬಿಸಿಲಲ್ಲಿ ಟ್ಯೂಬು ಒಣಗಿ ಕಾದಿರುವಾಗ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ಬೋರ್ ಮೋಟಾರು ಕೆಟ್ಟ ದಿನ ಇದೇ ಆಗುವುದು. ಸಂಜೆ ಆರಿದ ಮೇಲೆ ತುಂಬಿಸಿ.

ವಾರಂಟಿ ಕಾರ್ಡನ್ನು ದುಡ್ಡು ಕೊಡುವ ಮೊದಲೇ ಕೇಳಿ ಓದಿ. ನಮ್ಮದರಲ್ಲಿ ಟ್ಯಾಂಕಿಗೆ ಐದು ವರ್ಷ ಎಂದು ದೊಡ್ಡದಾಗಿದೆ. ಒಡೆದ ಟ್ಯೂಬು, ಗಡಸು ನೀರಿನಿಂದಾದ ಹಾಳು ಇದಕ್ಕೆ ಸೇರುವುದಿಲ್ಲ ಎಂಬುದು ಕೆಳಗೆ ಇರುವೆ ಅಕ್ಷರದಲ್ಲಿದೆ. ಗಾರೆ ತೆಗೆಯುವ ವರ್ಷದ ಸರ್ವಿಸ್‌ಗೆ ಡೀಲರ್ 1,500 ಕೇಳಿದರು. ಏರ್ ವೆಂಟ್ ಸರಿ ಮಾಡಿದ ಪ್ಲಂಬರ್ 700ಕ್ಕೆ ಮಾಡಿಕೊಟ್ಟ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗಿಟ್ಟ ಆನೋಡ್ ರಾಡ್ ಎಷ್ಟು ಸವೆದಿದೆ ಎಂದು ಬಿಚ್ಚಿ ತೋರಿಸಿದ ಕೂಡ.