ಬೋರ್ ಕೊರೆಸೋ ಮುಂಚೆ ಊರಿನ ಕುಡಿಯುವ ನೀರಿನ ಬೋರ್ ಎಷ್ಟು ದೂರ ಇದೆ ಅಂತ ಅಳೆದು ನೋಡಿ

ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. ಕಳೆದ ಬೇಸಿಗೆಯಲ್ಲಿ ಹಳೇ ಬೋರ್ ಬತ್ತಿತು. ಗರಿ ಒಣಗುವುದನ್ನು ನೋಡಲಾಗದೆ ಹೊಸದು ಕೊರೆಸಲು ಹೊರಟೆ. "ಪರ್ಮಿಷನ್ ಎಲ್ಲ ನಾವೇ ನೋಡ್ಕೋತೀವಿ ಅಣ್ಣ, ನೀವು ಪಾಯಿಂಟ್ ತೋರಿಸಿ ಸಾಕು" ಅಂದ ರಿಗ್ (ಬೋರ್ ಕೊರೆಯುವ ಯಂತ್ರ) ಏಜೆಂಟ್. ನಂಬಿದೆ.

ಲಾರಿ ಬಂದಿದ್ದು ರಾತ್ರಿ ಹತ್ತಕ್ಕೆ. ಆಗಲೇ ಅನುಮಾನ ಬರಬೇಕಿತ್ತು ಅಲ್ವಾ? ಬೆಳಗಾಗುವಷ್ಟರಲ್ಲಿ ಅಡಿಕೆ ಗರಿಗಳ ಮೇಲೆಲ್ಲ ಬೂದು ಕಲ್ಲಿನ ಪುಡಿ. 640 ಅಡಿಗೆ ಎರಡು ಇಂಚು ನೀರು ಬಿತ್ತು. ನನ್ನ ಹೆಂಡತಿ ಕೇಸಿಂಗ್ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದಳು.

ಮೋಟಾರು ಇಳಿಸಿ ಹತ್ತು ದಿನಕ್ಕೆ ಊರಿನ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ನಮ್ಮ ಕಡೆ ಕೆಳಗೆಲ್ಲ ಗಟ್ಟಿ ಬಂಡೆ, ನೀರಿರುವುದು ಅದರ ಬಿರುಕುಗಳಲ್ಲಿ. ಒಂದೇ ಬಿರುಕಿಗೆ ಎರಡು ಬೋರ್ ಬಾಯಿ ಹಾಕಿದರೆ ಇನ್ನೇನಾಗುತ್ತೆ? ನಲ್ಲಿ ಮುಂದೆ ಕೊಡಗಳ ಸಾಲು. ಅಲ್ಲಿ ಕೂತಿದ್ದ ಅಜ್ಜಿ "ಏನಪ್ಪಾ, ನಮ್ಮ ಬಾಯಿಗೂ ನೀರಿಲ್ಲದಂಗೆ ಮಾಡಿದ್ಯಲ್ಲ" ಅಂದರು. ಆ ಮಾತು ಇನ್ನೂ ಮರೆಯೋಕೆ ಆಗಿಲ್ಲ.

ದೂರು ಹೋಯಿತು. ಅಧಿಕಾರಿಗಳು ಬಂದು ಟೇಪ್ ಹಿಡಿದರು. ಎರಡೂ ಬೋರಿನ ನಡುವೆ 310 ಮೀಟರ್. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬೋರ್ ಕೊರೆಸುವಂತಿಲ್ಲ ಎನ್ನುವ 1999ರ ಕಾಯ್ದೆ ಇದೆಯಂತೆ. ನನಗೆ ಗೊತ್ತಾಗಿದ್ದು ಆವತ್ತು. ಇದರ ಜೊತೆಗೆ 2011ರ ಅಂತರ್ಜಲ ಕಾಯ್ದೆ ಬೇರೆ. ಅಧಿಸೂಚಿತ ಪ್ರದೇಶವಾದರೆ, ಅಂದರೆ ಅಂತರ್ಜಲ ಬಳಕೆಗೆ ನಿಯಂತ್ರಣ ಬೇಕು ಅಂತ ಸರ್ಕಾರ ಘೋಷಿಸಿದ ಜಾಗವಾದರೆ, ಮೊದಲೇ ಅನುಮತಿ ಬೇಕು. ಇದನ್ನು ನೋಡಿಕೊಳ್ಳುವ ಜಿಲ್ಲಾ ಅಂತರ್ಜಲ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಕೊರೆಯುವ ರಿಗ್‌ಗೂ ನೋಂದಣಿ ಇರಬೇಕು. ನನ್ನ ಕೈಯಲ್ಲಿದ್ದ ಬಿಲ್ಲಿನಲ್ಲಿ ಅಡಿ ಲೆಕ್ಕ, ಕೇಸಿಂಗ್ ಲೆಕ್ಕ ಬಿಟ್ಟರೆ ಏನೂ ಇರಲಿಲ್ಲ. ಏಜೆಂಟ್ ಫೋನ್ ಸ್ವಿಚ್ ಆಫ್.

ದಯವಿಟ್ಟು ಏಜೆಂಟ್ ಬಾಯಿಮಾತು ನಂಬಬೇಡಿ. ಪಹಣಿ ಹಿಡಿದು ಅಂತರ್ಜಲ ನಿರ್ದೇಶನಾಲಯದ ಜಿಲ್ಲಾ ಕಚೇರಿಗೆ ನೀವೇ ಹೋಗಿ ವಿಚಾರಿಸಿ. ಅನುಮತಿ ಪತ್ರ ನಿಮ್ಮ ಹೆಸರಿನಲ್ಲಿ ಕೈಗೆ ಸಿಗುವವರೆಗೆ ಅಡ್ವಾನ್ಸ್ ಕೊಡಬೇಡಿ. ರಿಗ್ಗಿನ ನೋಂದಣಿ ಪತ್ರ ಕೇಳಿ ನೋಡಿ. ಕೊರೆಸುವ 15 ದಿನ ಮುಂಚೆ ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು ಅಂತ ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ. ಮಕ್ಕಳು ತೆರೆದ ಬೋರಿಗೆ ಬೀಳಬಾರದು ಅಂತ ಮಾಡಿದ ನಿಯಮ ಅದು.

ಮೋಟಾರು ಮೇಲೆತ್ತಿ ಬೋರಿನ ಬಾಯಿಗೆ ಮುಚ್ಚಳ ಬೆಸೆಸಿದ್ದೇನೆ. ಊರಿನ ನಲ್ಲಿಗೆ ನೀರು ಬಂದಿದೆ. ತೋಟಕ್ಕೆ ಟ್ಯಾಂಕರ್ ಹೊಡೆಸುತ್ತಿದ್ದೇನೆ, ಸೊಸೈಟಿ ಸಾಲದ ಕಂತು ಇನ್ನೂ ಬಾಕಿ ಇದೆ.